ಕೀಲಿ ಹಾಕಿದ ಮನೆಗೆ ಒಂದೇ ಲೈನು ಸಾಕು

"ಮೇಸ್ತ್ರಿ, ನಾಳೆ ಫ್ಲೈಟು. ಮೇನ್ ಆಫ್ ಮಾಡಿ ಹೋಗ್ಲೇನು, ಹಂಗೇ ಬಿಡ್ಲೇನು?" ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿ ಹೀಗೆ ಕೇಳುವವರು ಬಹಳ ಮಂದಿ. ಆ ಹೊತ್ತಿನಲ್ಲಿ ಏನು ಹೇಳಿದರೂ ಅರೆಬರೆಯೇ. ಮೇನ್ ಆಫ್ ಮಾಡಿದರೆ ಕ್ಯಾಮೆರಾ ಬಂದ್, ಗೇಟಿನ ಲೈಟು ಬಂದ್, ಇನ್ವರ್ಟರ್ ಬ್ಯಾಟರಿ ನಿಂತಲ್ಲೇ ಸಾಯುತ್ತದೆ. ಆನ್ ಬಿಟ್ಟರೆ ಗೀಸರು, ಎಸಿ, ಫ್ರಿಜ್ಜು, ಮೋಟಾರು, ಗೋಡೆಯ ಒಳಗಿನ ಅಷ್ಟೂ ವೈರಿಗೆ ವರ್ಷಗಟ್ಟಲೆ ಕರೆಂಟು ನಿಂತಿರುತ್ತದೆ. ಸುಟ್ಟ ವಾಸನೆ ಬಂದರೆ ಮೂಸಿ ನೋಡುವುದಕ್ಕೂ ಒಳಗೆ ಒಬ್ಬರು ಇರುವುದಿಲ್ಲ.

ನಾನು ಬಳ್ಳಾರಿಯಲ್ಲಿ ಮನೆ ವೈರಿಂಗ್ ಮಾಡುವವನು. ಪಾರ್ವತಿನಗರ, ಗಾಂಧಿನಗರ, ಕೌಲ್ ಬಜಾರ್, ಕಪ್ಪಗಲ್ಲು ರಸ್ತೆ ಕಡೆ ನಾನೇ ನೋಡಿಕೊಳ್ಳುವ ಮನೆಗಳಿವೆ. ಅವುಗಳ ಯಜಮಾನರು ಮಸ್ಕತ್, ದಮ್ಮಾಮ್, ದುಬೈ, ಅಮೆರಿಕ ಅಂತ ದಿಕ್ಕಿಗೊಬ್ಬರು. ಜನ ಇರುವ ಮನೆಗೆ ಮಾಡಿದ ವೈರಿಂಗು ಖಾಲಿ ಮನೆಗೆ ಒಗ್ಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹೊರಡುವ ಮುಂಚೆ ಒಂದು ದಿನದ ಕೆಲಸ ಮಾಡಿಸಿಕೊಂಡರೆ ಮೇನ್ ಆಫೋ ಆನೋ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಮೊದಲು ಡಿಬಿ

ಮೀಟರಿನಿಂದ ಬಂದ ಲೈನು ಮನೆಯ ಒಳಗೆ ಎಂಸಿಬಿಗಳ, ಅಂದರೆ ಲೋಡು ಮೀರಿದರೆ ತಾನೇ ಬೀಳುವ ಸ್ವಿಚ್ಚುಗಳ, ಡಬ್ಬಿಗೆ ಸೇರುತ್ತದಲ್ಲ, ಆ ಡಿಬಿಯಲ್ಲಿ ಒಂದು ಎಂಸಿಬಿ ಬೇರೆ ಮಾಡಿಸಿ. ಅದರ ಮೇಲೆ ಮೂರೇ ಸಾಮಾನು ಇರಲಿ: ಕ್ಯಾಮೆರಾದ ದೃಶ್ಯ ತುಂಬಿಡುವ ಡಿವಿಆರ್, ಇಂಟರ್ನೆಟ್ ರೂಟರ್, ಗೇಟಿನ ಒಂದು ಎಲ್‌ಇಡಿ ಲೈಟು. ನಾನು ಇದಕ್ಕೆ 6 ಆಂಪಿಯರ್‌ನದೇ ಹಾಕುತ್ತೇನೆ, 1.5 ಚದರ ಮಿ.ಮೀ. ತಾಮ್ರದ ವೈರು ಧಾರಾಳ. ಉಳಿದ ಎಂಸಿಬಿಗಳೆಲ್ಲ ನೀವು ಕೀಲಿ ಹಾಕುವ ದಿನ ಕೆಳಗೆ ಬಿದ್ದು ಆಫ್ ಆಗಬೇಕು. ಡಿಬಿಯ ಮುಚ್ಚಳದ ಒಳಗೆ ಯಾವ ಎಂಸಿಬಿ ಯಾವುದಕ್ಕೆ ಎಂದು ಕನ್ನಡದಲ್ಲಿ ಬರೆದು ಅಂಟಿಸಿ. ಕೀಲಿಕೈ ಇಟ್ಟುಕೊಂಡಿರುವ ಚಿಕ್ಕಮ್ಮನಿಗೆ 'ಎಂಸಿಬಿ ನಂಬರ್ ನಾಲ್ಕು' ಅಂದರೆ ಏನೂ ತಿಳಿಯದು, 'ಅಡುಗೆ ಮನೆ' ಅಂದರೆ ತಕ್ಷಣ ತಿಳಿಯುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ವೈರ್‌ಮನ್‌ಗಳು ಇದನ್ನು ಗಮನಿಸುವುದಿಲ್ಲ. ಮನೆಗೆಲ್ಲ ಸೇರಿ ಒಂದೇ ಆರ್‌ಸಿಸಿಬಿ ಇರುತ್ತದೆ. ಭೂಮಿಗೆ ಕರೆಂಟು ಸೋರಿದರೆ ಕ್ಷಣದಲ್ಲಿ ಕಡಿದು ಜೀವ ಉಳಿಸುವ ಸಾಧನ ಅದು, ಮನೆಗಳಿಗೆ 30 ಮಿಲಿಆಂಪಿಯರ್‌ನದು ಬೇಕು. ಆದರೆ ಮೇ ತಿಂಗಳ ಗುಡುಗು ಮಳೆಯಲ್ಲಿ ಒಂದು ಸಿಡಿಲು ಬಡಿದರೆ, ಗೋಡೆಗೆ ನೀರು ಇಳಿದರೆ, ಅದು ಬೀಳುತ್ತದೆ. ಮತ್ತೆ ಎತ್ತಿ ಹಾಕುವವರು ಇಲ್ಲ. ಕ್ಯಾಮೆರಾ ಅಲ್ಲಿಗೆ ಮುಗಿಯಿತು. ಹಾಗಾಗಿ ಈ ಒಂಟಿ ಲೈನನ್ನು ದೊಡ್ಡ ಆರ್‌ಸಿಸಿಬಿಗೆ ಸೇರುವ ಮುಂಚೆಯೇ ಕವಲು ತೆಗೆದು, ಅದಕ್ಕೇ ಒಂದು ಆರ್‌ಸಿಬಿಒ ಕೊಡಿಸಿ. ಎಂಸಿಬಿಯ ಕೆಲಸ, ಸೋರಿಕೆ ಹಿಡಿಯುವ ಕೆಲಸ ಎರಡೂ ಅದರಲ್ಲೇ ಇರುತ್ತವೆ. ರೇಟು ಸಾದಾ ಎಂಸಿಬಿಗಿಂತ ಬಹಳ ಜಾಸ್ತಿ, ಹೌದು. ಅದರ ನ್ಯೂಟ್ರಲ್ಲನ್ನೂ (ಕರೆಂಟು ವಾಪಸ್ ಹೋಗುವ ವೈರು) ಬೇರೆಯಾಗಿಯೇ ಎಳೆಯಬೇಕು. ಬೇರೆ ಲೈನಿನ ನ್ಯೂಟ್ರಲ್ ಜೊತೆ ಕೂಡಿಸಿದರೆ ಸುಮ್ಮಸುಮ್ಮನೆ ಬೀಳುತ್ತಲೇ ಇರುತ್ತದೆ.

ಡಿಬಿ ಬಿಚ್ಚಿದ ಮೇಲೆ ನನ್ನ ಕಣ್ಣು ಮೊದಲು ಹೋಗುವುದು ನ್ಯೂಟ್ರಲ್ ಪಟ್ಟಿಯ ಕಡೆ. ಹಿತ್ತಾಳೆಯ ಪಟ್ಟಿ, ಸಾಲಾಗಿ ಸ್ಕ್ರೂಗಳು, ಒಂದೊಂದಕ್ಕೂ ಒಂದು ಕಪ್ಪು ವೈರು. ಎಲ್ಲ ಸ್ಕ್ರೂ ಒಂದೇ ಬಣ್ಣದಲ್ಲಿದ್ದರೆ ಸರಿ. ಒಂದರ ಸುತ್ತ ಮಾತ್ರ ಹಿತ್ತಾಳೆ ಕಂದಿ, ಅದರ ವೈರಿನ ಪ್ಲಾಸ್ಟಿಕ್ಕು ಕಾಲು ಇಂಚು ಹಿಂದಕ್ಕೆ ಸುರುಟಿ, ಮುಟ್ಟಿದರೆ ಪುಡಿಯಾಗುವಂತಿದ್ದರೆ ಆ ಸ್ಕ್ರೂ ಸಡಿಲ ಇತ್ತು, ಅಲ್ಲಿ ಕಾವು ಏರಿತ್ತು ಅಂತ ಅರ್ಥ. ಸಾಮಾನ್ಯವಾಗಿ ಅದು ಗೀಸರಿನದು ಇಲ್ಲವೇ ಎಸಿಯದು. ಸ್ಕ್ರೂಡ್ರೈವರ್ ಇಟ್ಟರೆ ಅರ್ಧ ಸುತ್ತು ಸಲೀಸಾಗಿ ತಿರುಗುತ್ತದೆ. ಸುಟ್ಟ ತುದಿ ಕತ್ತರಿಸಿ, ಹೊಸ ತುದಿ ಸುಲಿದು, ಮತ್ತೆ ಬಿಗಿ ಮಾಡಬೇಕು. ಸುಟ್ಟದ್ದನ್ನೇ ಬಿಗಿದರೆ ಏನೂ ಉಪಯೋಗವಿಲ್ಲ. ಬಳ್ಳಾರಿ ಬೇಸಿಗೆಯಲ್ಲಿ ಗೋಡೆಯೇ ಕಾದಿರುತ್ತದೆ, ಹಗಲು ಹಿಗ್ಗಿ ರಾತ್ರಿ ಕುಗ್ಗಿ ಸ್ಕ್ರೂಗಳು ತಾವಾಗಿಯೇ ಸಡಿಲಾಗುತ್ತವೆ. ಹಳೆಯ ಅಲ್ಯೂಮಿನಿಯಂ ವೈರಿನ ಮನೆಯಾದರಂತೂ ಇದು ತಪ್ಪಿದ್ದಲ್ಲ.

ಆಮೇಲೆ ಡಿಬಿಯ ತೂತುಗಳು. ಮೇಲೆ ಕೆಳಗೆ ಪೈಪು ಸೇರುವ ಜಾಗದಲ್ಲಿ ಬೆರಳು ಹೋಗುವಷ್ಟು ಸಂದಿ ಇದ್ದರೆ ಹಲ್ಲಿ ಒಳಗೆ ಬರುತ್ತದೆ. ಖಾಲಿ ಮನೆಯಲ್ಲಿ ಹಲ್ಲಿಗೆ ಬೆಚ್ಚಗಿನ ಜಾಗ ಅಂದರೆ ಡಿಬಿ, ಮೋಟಾರಿನ ಸ್ಟಾರ್ಟರು, ಎಸಿ ಔಟ್‌ಡೋರ್ ಯೂನಿಟ್ಟಿನ ಬೋರ್ಡು. ಎರಡು ಟರ್ಮಿನಲ್ ನಡುವೆ ಅಡ್ಡ ಬಿದ್ದು ತಾನೂ ಸತ್ತು, ಸಾವಿರಾರು ರೂಪಾಯಿಯ ಬೋರ್ಡನ್ನೂ ಸುಟ್ಟಿರುತ್ತದೆ. ಸಂದಿಗಳಿಗೆ ಎಂ-ಸೀಲ್ ತುಂಬಿಸಿ. ಇಲಿ ಕಾಟ ಇರುವ ಓಣಿಯಾದರೆ ಅಟ್ಟದ ಮೇಲೆ ಬರಿದೇ ಬಿದ್ದಿರುವ ವೈರುಗಳನ್ನು ಪೈಪಿಗೆ ಹಾಕಿಸಿ. ಟೆರೇಸಿನ ಮೇಲೆ ಕ್ಯಾಮೆರಾದವರು ಬರೀ ಕೇಬಲ್ ಎಳೆದು ಹೋಗಿರುತ್ತಾರೆ, ಅದು ಎರಡು ಬೇಸಿಗೆಯಲ್ಲಿ ಬಿಸಿಲಿಗೆ ಬಿರಿಯುತ್ತದೆ. ಜಾಯಿಂಟಿಗೆ ಸುತ್ತಿದ ಟೇಪು ಅಂಟು ಬಿಟ್ಟು ಜಾರುತ್ತದೆ. ಹೊರಗಿನ ಜಾಯಿಂಟುಗಳೆಲ್ಲ ಡಬ್ಬಿಯ ಒಳಗೇ ಇರಲಿ.

ಅರ್ತಿಂಗ್: ನೀರು ಕುಡಿಯುವ ಗುಂಡಿ

ಇದರ ಬಗ್ಗೆ ಹೇಳಿದರೆ ಮನೆಯವರು ನಗುತ್ತಾರೆ. ಆದರೆ ಬಳ್ಳಾರಿ, ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆಯ ಮನೆಗಳಲ್ಲಿ ಎಲ್ಲಕ್ಕಿಂತ ಕಡೆಗಣಿಸಿದ ಜಾಗ ಇದೇ. ಸೋರಿದ ಕರೆಂಟು ಭೂಮಿಗೆ ಇಳಿಯುವ ದಾರಿಯೇ ಅರ್ತಿಂಗ್. ಅರ್ತ್ ಗುಂಡಿ ಅಂದರೆ ಎಂಟು ಅಡಿಯ ಜಿಐ ಪೈಪು, ಅದರ ಸುತ್ತ ಪದರ ಪದರವಾಗಿ ಇದ್ದಿಲು, ಉಪ್ಪು. ಆ ಉಪ್ಪು ಕೆಲಸ ಮಾಡಬೇಕಾದರೆ ತೇವ ಇರಬೇಕು. ಜನ ಇರುವ ಮನೆಯಲ್ಲಿ ಬಟ್ಟೆ ಒಗೆದ ನೀರೋ ಗಿಡಕ್ಕೆ ಹಾಕಿದ ನೀರೋ ಹೇಗೋ ಒಂದಿಷ್ಟು ಅಲ್ಲಿಗೆ ಇಳಿಯುತ್ತದೆ. ಕೀಲಿ ಹಾಕಿದ ಮನೆಯಲ್ಲಿ ಅದೂ ಇಲ್ಲ.

ಎರೆ ಮಣ್ಣಿನ ಕಡೆ ಇನ್ನೊಂದು ಫಜೀತಿ. ಮಳೆಗಾಲದಲ್ಲಿ ಎರೆ ಮಣ್ಣಿನಂಥ ಅರ್ತಿಂಗ್ ಇನ್ನೊಂದಿಲ್ಲ. ಏಪ್ರಿಲ್ ಬಂತೆಂದರೆ ಅದು ಅಂಗೈ ಹೋಗುವಷ್ಟು ಬಿರುಕು ಬಿಟ್ಟು ಪೈಪಿನಿಂದಲೇ ದೂರ ಸರಿಯುತ್ತದೆ. ಪೈಪು ಗಾಳಿಯಲ್ಲಿ ನಿಂತ ಹಾಗೆ. ಬಳ್ಳಾರಿ ಊರೊಳಗಿನ ಕೆಂಪು ಗರಸಿನಲ್ಲಿ ಬಿರುಕು ಬಿಡುವುದಿಲ್ಲ, ಆದರೆ ನೀರು ನಿಲ್ಲುವುದೂ ಇಲ್ಲ. ಎರಡೂ ಕಡೆಗೆ ಮದ್ದು ಒಂದೇ. ಗುಂಡಿಯ ಮೇಲಿನ ಆಳಿಕೆ ಮುಚ್ಚಿ ಹೋಗಿದ್ದರೆ ಕೆದರಿ ತೆಗೆಸಿ, ಮಾರ್ಚಿನಿಂದ ಜೂನ್‌ವರೆಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿಸಿ. ಹೊರಡುವ ಮುಂಚೆ ಅರ್ತ್ ಟೆಸ್ಟರ್ ಇಟ್ಟು ಅಳೆಸಿ, 5 ಓಮ್ ಒಳಗೆ ಬಂದರೆ ಒಳ್ಳೆಯದು. ಗೇಟಿನ ಹತ್ತಿರ ಟೈಲ್ಸ್ ಹಾಕಿಸುವಾಗ ಗುಂಡಿಯನ್ನೇ ಮುಚ್ಚಿ ಮೇಲೆ ರಂಗೋಲಿ ಬಿಡುವವರೂ ಇದ್ದಾರೆ, ಅವರಿಗೆ ಏನು ಹೇಳೋಣ.

ಆರ್‌ಸಿಸಿಬಿಯ ಮೇಲೆ 'ಟಿ' ಎಂಬ ಚಿಕ್ಕ ಗುಂಡಿ ಇರುತ್ತದೆ. ಒತ್ತಿದರೆ ತಟ್ಟನೆ ಬೀಳಬೇಕು. ಬೀಳದಿದ್ದರೆ ಅದನ್ನು ಬದಲಿಸದೆ ಊರು ಬಿಡಬೇಡಿ.

ತ್ರೀ ಫೇಸ್ ಮನೆಯವರು ಇದನ್ನು ಓದಿ

ಕಂಬದ ಮೇಲೆ ನ್ಯೂಟ್ರಲ್ ಕಡಿದರೆ ಏನಾಗುತ್ತದೆ ಗೊತ್ತೇನು? ಒಂದು ಫೇಸಿನ ಲೈಟು ಮಂಕಾಗುತ್ತದೆ, ಇನ್ನೊಂದು ಫೇಸಿನ ಲೈಟು ಕಣ್ಣು ಕುಕ್ಕುವಂತೆ ಉರಿದು ಪಟ್ ಎನ್ನುತ್ತದೆ. 230 ವೋಲ್ಟಿನ ಸಾಮಾನಿಗೆ 400ರ ಹತ್ತಿರ ಬರಬಹುದು. ಮನೆಯಲ್ಲಿ ಜನ ಇದ್ದರೆ ಓಡಿ ಹೋಗಿ ಮೇನ್ ಇಳಿಸುತ್ತಾರೆ. ಖಾಲಿ ಮನೆಯಲ್ಲಿ ರೂಟರು, ಡಿವಿಆರ್, ಪ್ಲಗ್ಗಿನಲ್ಲೇ ಬಿಟ್ಟ ಟಿವಿ ಎಲ್ಲ ಹೋಗುತ್ತವೆ. ಇದಕ್ಕೆ ವೋಲ್ಟೇಜ್ ಏರಿದರೂ ಇಳಿದರೂ ಕಡಿದು, ಸರಿಯಾದಾಗ ತಾನೇ ಜೋಡಿಸುವ ಪ್ರೊಟೆಕ್ಟರ್ ಸಿಗುತ್ತದೆ, ಡಿಬಿಯಲ್ಲೇ ಕೂರುತ್ತದೆ. ಅದನ್ನು ಆ ಒಂಟಿ ಲೈನಿಗಾದರೂ ಹಾಕಿಸಿ. ಕುಡಿತಿನಿಯಲ್ಲಿ ಬಿಟಿಪಿಎಸ್, ಶಕ್ತಿನಗರದಲ್ಲಿ ಆರ್‌ಟಿಪಿಎಸ್ ಎಂಬ ದೊಡ್ಡ ವಿದ್ಯುತ್ ಸ್ಥಾವರಗಳನ್ನು ಇಟ್ಟುಕೊಂಡು ನಾವೇ ಬೇಸಿಗೆ ಸಂಜೆ ಮಂಕು ಲೈಟು ನೋಡುತ್ತ ಕೂರುವುದು ಬೇರೆ ಕತೆ.

ಎಸಿ, ಟಿವಿ, ಫ್ರಿಜ್, ವಾಷಿಂಗ್ ಮಷಿನ್ ಪ್ಲಗ್ಗುಗಳನ್ನು ಎಂಸಿಬಿ ಇಳಿಸಿದರೂ ಬಿಚ್ಚಿಯೇ ಬಿಡಿ. ಸಿಡಿಲಿಗೆ ಎಂಸಿಬಿಯ ಸಂದಿ ದಾಟುವುದು ದೊಡ್ಡ ಮಾತಲ್ಲ. ಫ್ರಿಜ್ಜಿನ ಬಾಗಿಲಿಗೆ ಒಂದು ಟವೆಲ್ ಸಿಕ್ಕಿಸಿ ಅರೆ ತೆರೆದಿಡಿ, ಇಲ್ಲವಾದರೆ ಒಳಗೆ ಬೂಸಲು.

ಇನ್ವರ್ಟರ್ ಬ್ಯಾಟರಿಗೆ ನನ್ನ ಸಲಹೆ ಕೇಳಿದರೆ, ತಂಗಿಯ ಮನೆಗೋ ಅಣ್ಣನ ಮನೆಗೋ ಕೊಟ್ಟು ಹೋಗಿ. ನೀರು ಹಾಕುವ ಬ್ಯಾಟರಿ ಚಾರ್ಜ್ ಇಲ್ಲದೆ ತಿಂಗಳುಗಟ್ಟಲೆ ನಿಂತರೆ ಒಳಗಿನ ಪ್ಲೇಟಿಗೆ ಸಲ್ಫೇಟ್ ಕಟ್ಟಿ ಕೆಡುತ್ತದೆ. ಬಳಸುವವರ ಕೈಯಲ್ಲಿದ್ದರೆ ಬಾಳುತ್ತದೆ. ಕೊಡಲು ಮನಸ್ಸಿಲ್ಲದಿದ್ದರೆ ಪೂರ್ತಿ ಚಾರ್ಜ್ ಮಾಡಿ ನೆಗೆಟಿವ್ ವೈರು ಬಿಚ್ಚಿ, ಎರಡು ತಿಂಗಳಿಗೊಮ್ಮೆ ಒಂದು ರಾತ್ರಿ ಚಾರ್ಜಿಗೆ ಹಾಕಿ ಡಿಸ್ಟಿಲ್ಡ್ ವಾಟರ್ ನೋಡುವವರನ್ನು ಗೊತ್ತು ಮಾಡಿ.

ಹೊರದೇಶದಿಂದ ತರುವ ಸಾಮಾನು

ದುಬೈ, ಮಸ್ಕತ್, ದೋಹಾದಿಂದ ತಂದದ್ದು ನಮ್ಮಲ್ಲಿ ನಡೆಯುತ್ತದೆ. ಅಲ್ಲೂ 50 ಹರ್ಟ್ಸ್, ವೋಲ್ಟೇಜೂ ನಮ್ಮಷ್ಟೇ. ತಕರಾರು ಇರುವುದು ಚೌಕ ಪಿನ್ನಿನ ಪ್ಲಗ್ಗಿನದು. ಅದಕ್ಕೆ ಅಡಾಪ್ಟರ್ ಹಾಕಿ ಮೊಬೈಲ್ ಚಾರ್ಜ್ ಮಾಡಿ, ಪರವಾಗಿಲ್ಲ. ಇಸ್ತ್ರಿ ಪೆಟ್ಟಿಗೆ, ಕೆಟಲ್, ಓವನ್‌ಗೆ ಮಾತ್ರ ಅಡಾಪ್ಟರ್ ಬೇಡವೇ ಬೇಡ. ಹಿಡಿತ ಸಡಿಲಾಗಿ ಕರಗುತ್ತದೆ. ಪ್ಲಗ್ ಕತ್ತರಿಸಿ 16 ಆಂಪಿಯರ್‌ನ ನಮ್ಮ ಪ್ಲಗ್ ಟಾಪ್ ಹಾಕಿಸಿ. ಆ ಚೌಕ ಪ್ಲಗ್ಗಿನ ಒಳಗೆ ಒಂದು ಫ್ಯೂಸ್ ಇರುತ್ತದೆ, ಕತ್ತರಿಸಿದ ಮೇಲೆ ಅದು ಹೋಯಿತು. ಹಾಗಾಗಿ ಆ ಪಾಯಿಂಟಿಗೆ ಸರಿಯಾದ ಎಂಸಿಬಿ ಇದೆಯೇ ನೋಡಿಕೊಳ್ಳಿ.

ಬಣ್ಣದಲ್ಲಿ ಎಡವಬೇಡಿ. ಸಾಮಾನಿನ ಜೊತೆ ಬರುವ ಕಾರ್ಡಿನಲ್ಲಿ, ಅಂದರೆ ವೈರಿನಲ್ಲಿ, ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆ ಅರ್ತ್. ನಮ್ಮ ಗೋಡೆಯ ಒಳಗೆ ಕೆಂಪು, ಹಳದಿ, ನೀಲಿ ಮೂರೂ ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ಅಂದರೆ ಕಾರ್ಡಿನ ನೀಲಿ ನ್ಯೂಟ್ರಲ್, ಗೋಡೆಯ ನೀಲಿ ಹೊಡೆಯುವ ಫೇಸ್. ಅಮೆರಿಕದ ಕಾರ್ಡಿನಲ್ಲಂತೂ ಕಪ್ಪೇ ಫೇಸ್, ಬಿಳಿ ನ್ಯೂಟ್ರಲ್. ಯೂಟ್ಯೂಬ್ ನೋಡಿ ಕೈ ಹಾಕುವವರು ಇಲ್ಲೇ ಸಿಕ್ಕಿಬೀಳುವುದು.

ಅಮೆರಿಕದಿಂದ 120 ವೋಲ್ಟಿನ ಮಿಕ್ಸರ್, ಮೈಕ್ರೊವೇವ್ ತರುವ ಆಸೆ ಬಿಡಿ. ನೇರ ಹಾಕಿದರೆ ಒಂದು ನಿಮಿಷವೂ ತಡೆಯುವುದಿಲ್ಲ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟರೂ ಅಲ್ಲಿನದು 60 ಹರ್ಟ್ಸ್, ನಮ್ಮದು 50. ಮೈಕ್ರೊವೇವ್ ಒಳಗೆ ವಿಪರೀತ ಬಿಸಿಯಾಗುತ್ತದೆ. ಲ್ಯಾಪ್‌ಟಾಪ್, ಫೋನ್ ಚಾರ್ಜರ್ ಮೇಲೆ 100-240 ಎಂದು ಬರೆದಿದ್ದರೆ ಯಾವ ದೇಶದಲ್ಲೂ ಚಿಂತೆ ಇಲ್ಲ. ಇಲ್ಲಿಂದ ಸೌದಿಗೆ ಮಿಕ್ಸರ್ ಒಯ್ಯುವವರು ಅಲ್ಲಿನ ಮನೆಯ ಸಾಕೆಟ್ ವಿಚಾರಿಸಿಕೊಳ್ಳಿ, ಹಳೆಯ ಕಟ್ಟಡಗಳಲ್ಲಿ 127 ವೋಲ್ಟ್ ಕೂಡ ಉಂಟು.

ನೀರಿನ ಕಡೆ

ನೆಲದೊಳಗಿನ ಸಂಪ್ ತೊಟ್ಟಿಗೆ ಬರುವ ನಲ್ಲಿ ನೀರಿನ ಗೇಟ್ ವಾಲ್ವ್ ರಸ್ತೆ ಕಡೆಯೇ ಮುಚ್ಚಿ. ಸಂಪಿನ ಫ್ಲೋಟ್ ಕೆಟ್ಟು ನೀರು ತುಂಬಿ ಹರಿದರೆ ಮೋಟಾರು ಮುಳುಗುತ್ತದೆ. ಟೆರೇಸಿನ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಬೇಡಿ. ಮುಂಗಾರಿನ ಮೊದಲ ಬಿರುಗಾಳಿಗೆ ಖಾಲಿ ಸಿಂಟೆಕ್ಸ್ ಟ್ಯಾಂಕು ಪಕ್ಕದ ಮನೆಯ ಶೀಟಿನ ಮೇಲೆ ಹೋಗಿ ಕೂರುತ್ತದೆ. ಕಾಲು ಭಾಗ ನೀರು ಬಿಟ್ಟು ಮುಚ್ಚಳ ಬಿಗಿಯಾಗಿ ಹಾಕಿ, ಸೊಳ್ಳೆಗೆ ಸಂದಿ ಇರಬಾರದು. ಗೀಸರಿನ ನೀರು ಬಸಿದು ಬಿಡಿ. ನಮ್ಮ ಬೋರಿನ ಗಡಸು ನೀರು ಒಳಗೇ ನಿಂತರೆ ಕಾಯಿಲ್ ಮೇಲೆ ಸುಣ್ಣ ಕಟ್ಟುತ್ತದೆ.

ಬಚ್ಚಲ ಜಾಲರಿ, ಕಮೋಡಿನಲ್ಲಿ ನಿಂತ ನೀರು ಆರಿದರೆ ಚರಂಡಿಯ ವಾಸನೆ, ಜಿರಲೆ ಎರಡೂ ಒಳಗೆ. ಹೊರಡುವಾಗ ಒಂದೊಂದಕ್ಕೂ ಒಂದು ಚೆಂಬು ನೀರು ಹಾಕಿ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಡಿ, ನೀರು ಬೇಗ ಆರದು. ಬೋರಿನ ಮೋಟಾರನ್ನು ಹದಿನೈದು ದಿನಕ್ಕೊಮ್ಮೆ ಐದು ನಿಮಿಷ ಓಡಿಸಬೇಕು, ಇಲ್ಲವಾದರೆ ಜಾಮ್ ಆಗುತ್ತದೆ. ಜೂನ್ ಮುಂಚೆ ಟೆರೇಸಿನ ತೂಬುಗಳ ಬೇವಿನೆಲೆ, ಕೆಂಪು ಧೂಳು ತೆಗೆಸಿ. ಗ್ಯಾಸಿನ ರೆಗ್ಯುಲೇಟರ್ ಬಿಚ್ಚಿಡಿ.

ಖರ್ಚಿನ ಲೆಕ್ಕ

ಖಾಲಿ ಮನೆಗೆ ಕರೆಂಟ್ ಬಿಲ್ ಬರುವುದಿಲ್ಲ ಎಂದುಕೊಂಡವರಿಗೆ ಒಂದು ಲೆಕ್ಕ. 2025-26ರ ದರದಲ್ಲಿ ಮನೆಯ ಮೀಟರಿಗೆ ಮಂಜೂರಾದ ಪ್ರತಿ ಕಿಲೋವ್ಯಾಟಿಗೆ ತಿಂಗಳಿಗೆ 145 ರೂಪಾಯಿ ನಿಗದಿತ ಶುಲ್ಕ. 3 ಕಿಲೋವ್ಯಾಟ್ ಇದ್ದರೆ 435, ವರ್ಷಕ್ಕೆ 5,220. ಒಂದು ಯುನಿಟ್ಟೂ ಉರಿಸದೆ. ಕ್ಯಾಮೆರಾ, ರೂಟರ್ ಸೇರಿ 40 ವ್ಯಾಟ್ ಅಂತ ಹಿಡಿದರೆ ದಿನಕ್ಕೆ ಹತ್ತಿರ ಹತ್ತಿರ ಒಂದು ಯುನಿಟ್, ತಿಂಗಳಿಗೆ 29. ಗೇಟಿನ 9 ವ್ಯಾಟ್ ಲೈಟು ರಾತ್ರಿ ಹನ್ನೆರಡು ತಾಸು ಉರಿದರೆ ತಿಂಗಳಿಗೆ ಮೂರು ಯುನಿಟ್ ಚಿಲ್ಲರೆ. ಮಂಜೂರಾದ ಲೋಡ್ ಇಳಿಸಿಕೊಂಡರೆ ಉಳಿಯುತ್ತದಲ್ಲ ಎಂದು ಕೇಳುತ್ತಾರೆ. ಅರ್ಜಿ ಕೊಡಬಹುದು. ಆದರೆ ವರ್ಷಕ್ಕೊಮ್ಮೆ ಬಂದು ಎಸಿ ಹಾಕುವವರು ಆ ಗೊಡವೆಗೆ ಹೋಗದಿರುವುದೇ ಲೇಸು.

ಗೃಹಜ್ಯೋತಿ ಇರುವ ಮನೆಯಾದರೆ ಒಂದು ವಿಷಯ ತಿಳಿದಿರಿ. ಪುಕ್ಕಟೆ ಸಿಗುವುದು ಸರಾಸರಿ ಬಳಕೆಯ ಮೇಲೆ ಶೇ 10 (ಸರಾಸರಿ 48 ಯುನಿಟ್ಟಿಗಿಂತ ಕಡಿಮೆ ಇದ್ದರೆ 10 ಯುನಿಟ್) ಸೇರಿಸಿದಷ್ಟು, ಆ ಸರಾಸರಿ ಹಿಡಿದದ್ದು 2022-23ರದು. ಆ ವರ್ಷ ಮನೆಗೆ ಕೀಲಿ ಹಾಕಿದ್ದರೆ ನಿಮ್ಮ ಪಾಲು ಚಿಕ್ಕದೇ. ರಜೆಗೆ ಬಂದ ತಿಂಗಳು 200 ಯುನಿಟ್ ದಾಟಿತೋ, ಪೂರ್ತಿ ಬಿಲ್ ನಿಮ್ಮದೇ.

ಮೀಟರ್ ಗೇಟಿನ ಹೊರಗಿನಿಂದ ಕಾಣುವಂತೆ ಇರಲಿ. ರೀಡಿಂಗ್ ಸಿಗದಿದ್ದರೆ ಸರಾಸರಿ ಹಾಕಿ ಬಿಲ್ ಬರುತ್ತದೆ. ನಮ್ಮ ಕಡೆಯ ವಿದ್ಯುತ್ ಕಂಪನಿ ಜೆಸ್ಕಾಂನ ಬಿಲ್ಲಿನ ಅಕೌಂಟ್ ಐಡಿ, ಆರ್‌ಆರ್ ನಂಬರ್ ಎರಡನ್ನೂ ಫೋನಿನಲ್ಲಿ ಫೋಟೊ ಇಟ್ಟುಕೊಳ್ಳಿ. ದೂರು ಕೊಡಲು 1912. ಯುಎಇ, ಒಮಾನ್, ಕತಾರ್, ಸೌದಿ, ಅಮೆರಿಕ, ಬ್ರಿಟನ್ ಸೇರಿ ಹತ್ತು ದೇಶಗಳ ಮೊಬೈಲ್ ನಂಬರಿಗೆ ಹೊರದೇಶದಲ್ಲಿರುವ ಭಾರತೀಯರ ಎನ್‌ಆರ್‌ಇ, ಎನ್‌ಆರ್‌ಒ ಬ್ಯಾಂಕ್ ಖಾತೆಯಿಂದ ಯುಪಿಐ ನಡೆಸಲು 2023ರಲ್ಲೇ ಒಪ್ಪಿಗೆ ಸಿಕ್ಕಿದೆ. ಹಾಗಾಗಿ ಕರೆಂಟ್ ಬಿಲ್ಲಿಗೆ ಮಾವನವರನ್ನು ಕಳಿಸಬೇಕಾಗಿಲ್ಲ. ಮನೆ ತೆರಿಗೆ ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ.

ಮನೆ ಬಾಡಿಗೆಗೆ ಕೊಡುವವರು ಆಡಿಟರ್ ಹತ್ತಿರ ಒಮ್ಮೆ ಕೂತು ಏಳಿ. ಯಜಮಾನ ಎನ್‌ಆರ್‌ಐ ಆಗಿದ್ದರೆ ಬಾಡಿಗೆದಾರ ಸಾಮಾನ್ಯವಾಗಿ ಶೇ 31.2 ಟಿಡಿಎಸ್ ಹಿಡಿಯಬೇಕು. 10,000ಕ್ಕೆ 3,120. ಬಾಡಿಗೆ ಬಂದು ಬೀಳಬೇಕಾದದ್ದು ಎನ್‌ಆರ್‌ಒ ಖಾತೆಗೆ. ಅಲ್ಲಿಂದ ಪವರ್ ಆಫ್ ಅಟಾರ್ನಿ ಮಾಡಿ ಕಳಿಸುವುದಾದರೆ ಭಾರತೀಯ ಕಾನ್ಸುಲೇಟ್‌ನಲ್ಲಿ ಸಹಿ ದೃಢೀಕರಿಸಿ, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು.

ಕೀಲಿಕೈ ಯಾರ ಹತ್ತಿರ?

ಹತ್ತಿರದ ಸಂಬಂಧಿಕರಿಗಿಂತ ಹತ್ತಿರದ ಮನೆಯವರು ಮೇಲು. ಅವರಿಗೆ ಬಾಯಲ್ಲಿ ಹೇಳಿ ಹೋದರೆ ಮರೆಯುತ್ತಾರೆ, ಒಂದು ಹಾಳೆಯಲ್ಲಿ ಬರೆದುಕೊಡಿ. ಆರ್‌ಸಿಬಿಒ ಬಿದ್ದಿದ್ದರೆ ಒಂದು ಸಲ ಎತ್ತಿ ನೋಡಿ, ಮತ್ತೆ ಬಿದ್ದರೆ ಮುಟ್ಟದೆ ಮೇಸ್ತ್ರಿಗೆ ಫೋನ್ ಮಾಡಿ ಎಂಬ ಸಾಲು ಅದರಲ್ಲಿ ಮೊದಲು ಇರಲಿ. ನಾನು ನೋಡುವ ಒಂದು ಮನೆಯಲ್ಲಿ ಎದುರು ಮನೆಯ ಅಜ್ಜಿ ಈ ಕೆಲಸ ಮಾಡುತ್ತಾರೆ. ಓದು ಬರಹ ಇಲ್ಲ, ಆದರೆ ಗೇಟಿನ ಲೈಟು ಸಂಜೆ ಹತ್ತಲಿಲ್ಲ ಅಂದರೆ "ತಮ್ಮಾ, ಅವರ ಮನಿ ದೀಪ ಹತ್ತಿಲ್ಲ ನೋಡು" ಎಂದು ರಾತ್ರಿಯೇ ಫೋನ್ ಮಾಡಿಸುತ್ತಾರೆ. ಮೊಬೈಲಿಗೆ ಬರುವ ಕ್ಯಾಮೆರಾ ಅಲರ್ಟಿಗಿಂತ ನನಗೆ ಆ ಅಜ್ಜಿಯ ಮೇಲೆ ಭರವಸೆ ಜಾಸ್ತಿ. ಅವರಿಗೆ ಬರುವಾಗ ಖರ್ಜೂರ ತರುವುದನ್ನು ಖರ್ಚಿಗೆ ಸೇರಿಸಿಕೊಳ್ಳಿ.

ವೈರಿಂಗ್ ಬದಲಿಸುವ ಕೆಲಸವನ್ನು ಲೈಸೆನ್ಸ್ ಇರುವ ಗುತ್ತಿಗೆದಾರರಿಂದಲೇ ಮಾಡಿಸಿ, ಮುಗಿದ ಮೇಲೆ ಡಿಬಿ ತೆರೆದಿಟ್ಟು ಫೋಟೊ ತೆಗೆದುಕೊಳ್ಳಿ. ಮುಂದೆ ದೂರದಿಂದ ಮಾತಾಡುವಾಗ ಆ ಫೋಟೊ ಬಹಳ ಕೆಲಸಕ್ಕೆ ಬರುತ್ತದೆ.

ವಾಪಸ್ ಬಂದ ದಿನ

ಮನೆ ಹೊಕ್ಕವರೇ ಎಲ್ಲ ಎಂಸಿಬಿ ಒಟ್ಟಿಗೆ ಎತ್ತಬೇಡಿ. ಮೊದಲು ಕಿಟಕಿ ತೆಗೆಯಿರಿ, ಡಿಬಿಯ ಹತ್ತಿರ ನಿಂತು ಮೂಸಿ, ಟಾರ್ಚ್ ಹಾಕಿ ಸುಟ್ಟ ಕಲೆ, ಗೆದ್ದಲು, ಇರುವೆ ಮಣ್ಣು ಇದೆಯೇ ನೋಡಿ. ಆಮೇಲೆ ಆರ್‌ಸಿಸಿಬಿ ಎತ್ತಿ ಟೆಸ್ಟ್ ಗುಂಡಿ ಒತ್ತಿ ನೋಡಿ. ಬಿದ್ದರೆ ಮತ್ತೆ ಎತ್ತಿ, ಒಂದೊಂದೇ ಎಂಸಿಬಿ ಹಾಕುತ್ತ ಹೋಗಿ: ಲೈಟು, ಫ್ಯಾನು, ಆಮೇಲೆ ಪ್ಲಗ್ಗುಗಳು. ಯಾವುದಕ್ಕೆ ಬೀಳುತ್ತದೋ ತೊಂದರೆ ಅದರಲ್ಲೇ, ಅದನ್ನು ಇಳಿಸಿಟ್ಟು ಉಳಿದದ್ದು ಬಳಸಿ. ಎಸಿ ಹಾಕುವ ಮುಂಚೆ ಔಟ್‌ಡೋರ್ ಯೂನಿಟ್ಟಿನ ಧೂಳು ತೊಳೆಸಿ, ಒಳಗೆ ಹಲ್ಲಿ, ಪಾರಿವಾಳದ ಗೂಡು ಇಲ್ಲವೆಂದು ನೋಡಿಸಿ. ಮೋಟಾರು ಹಾಕಿ ಟ್ಯಾಂಕು ತುಂಬಿಸಿ, ಮೊದಲ ಹತ್ತು ನಿಮಿಷದ ತುಕ್ಕು ನೀರು ಬಿಟ್ಟುಬಿಡಿ. ಗೀಸರ್ ಎಲ್ಲಕ್ಕಿಂತ ಕೊನೆಗೆ. ಬಿಸಿನೀರಿನ ನಲ್ಲಿ ತೆರೆದು ನೀರು ಸತತವಾಗಿ ಬೀಳುವವರೆಗೂ ಅದರ ಸ್ವಿಚ್ಚು ಮುಟ್ಟಬಾರದು. ಖಾಲಿ ಗೀಸರಿಗೆ ಕರೆಂಟು ಕೊಟ್ಟರೆ ಕಾಯಿಲ್ ಅಲ್ಲೇ ಸುಡುತ್ತದೆ.